ಶಾಲು ತುರುಕಿದ ಬಾಯಿ

ನಾನು ಒಂದು ಸೈರನ್. ಸೌಮ್ಯ ಸ್ವಭಾವ ನನ್ನದಲ್ಲ, ಮೊದಲೇ ಹೇಳಿಬಿಡುತ್ತೇನೆ. ಪೀಣ್ಯದ ಒಂದು ಕಾರ್ಖಾನೆಯಲ್ಲಿ ತಗಡು ಬಗ್ಗಿಸಿ, ಕೆಂಪು ಬಣ್ಣ ಬಳಿದು, ತುತ್ತೂರಿಯಂಥ ಅಗಲ ಬಾಯಿ ಕೊಟ್ಟು ನನ್ನನ್ನು ಹುಟ್ಟಿಸಿದರು. ಮೊದಲ ಸಲ ಕೂಗಿಸಿ ನೋಡಿದಾಗ ಕ್ಯಾಂಟೀನಿನವನ ಕೈಯಿಂದ ಚಹಾದ ಟ್ರೇ ಬಿತ್ತು. ಎಲ್ಲರೂ ನಕ್ಕರು. ನನ್ನ ಗಂಟಲ ಮೇಲೆ ನನಗೆ ಅಂದೇ ಹೆಮ್ಮೆ ಬಂತು.

ಅಲ್ಲಿಂದ ಕಡಲಿಗೆ ಬಂದೆ. ದಡ ಕಾಣದಷ್ಟು ದೂರದಲ್ಲಿ, ನೀರಿನ ನಡುವೆ ಕಬ್ಬಿಣದ ಕಾಲೂರಿ ನಿಂತ ಎಣ್ಣೆಬಾವಿಯ ಅಟ್ಟಣೆ ಅದು. ಬಾವಿಯಿಂದ ವಿಷಗಾಳಿ ಸೋರಿದರೆ ನಾನು ಕೂಗಬೇಕು. ಕೇಳಿದವರು ಮುಖವಾಡ ಹಾಕಿಕೊಂಡು ಓಡಬೇಕು. ನನ್ನ ಕೆಲಸ ಇಷ್ಟೇ.

ನನ್ನನ್ನು ನೋಡಿಕೊಳ್ಳುತ್ತಿದ್ದವನು ಕುಂದಾಪುರ ಕಡೆಯ ಶೀನ ಮೊಗವೀರ. ದಿನಾ ಬೆಳಿಗ್ಗೆ ತನ್ನ ಹೆಗಲ ಮೇಲಿನ ಬೈರಾಸಿನಿಂದ ನನ್ನ ಬಾಯಿಯ ಉಪ್ಪು ಒರೆಸುವನು. ಒರೆಸುತ್ತಾ ಹೆಂಡತಿ ಗುಲಾಬಿಯ ಮೀನುಸಾರನ್ನು ಹೊಗಳುವನು, ಇಲ್ಲಿಯ ಸಾರನ್ನು ಬೈಯುವನು. ಅಷ್ಟು ಅಕ್ಕರೆಯಿಂದ ನನ್ನನ್ನು ಮುಟ್ಟಿದವರು ಬೇರೊಬ್ಬರಿರಲಿಲ್ಲ.

ಒಮ್ಮೆ ಮಂತ್ರಿಗಳು ಹೆಲಿಕಾಪ್ಟರಿನಲ್ಲಿ ಬಂದಿಳಿದರು. ಮ್ಯಾನೇಜರ್ ನಾಗರ್ಕರ್ ಸಾಹೇಬ ಅವರಿಗೆ ಮಾವಿನಕಾಯಿ ಜರಿಯಂಚಿನ ಹಸಿರು ಶಾಲು ಹೊದಿಸಿ ಫೋಟೊ ತೆಗೆಸಿದ. ದೇಶಕ್ಕೆ ಎಣ್ಣೆ ಬೇಕು, ತಪಾಸಣೆಯ ಹೆಸರಲ್ಲಿ ಕಂಪನಿಗಳನ್ನು ಸತಾಯಿಸಿದ್ದು ಸಾಕು ಎಂದು ಮಂತ್ರಿಗಳು ಭಾಷಣ ಶುರುಮಾಡಿದರು. ಅದೇ ಹೊತ್ತಿಗೆ ಎಲ್ಲೋ ಚೂರು ಗಾಳಿ ಸೋರಿತು. ನಾನು ಸುಮ್ಮನಿರುತ್ತೇನೆಯೇ? ಬಾಯ್ತುಂಬ ಕೂಗಿದೆ.

"ಮೊದಲು ಅದರ ಬಾಯಿ ಮುಚ್ಚಿಸ್ರೀ!" ಎಂದರು ಮಂತ್ರಿಗಳು. ಸಿಟ್ಟಿನಲ್ಲಿ ಹೆಗಲ ಶಾಲನ್ನೇ ಕಿತ್ತು ನಾಗರ್ಕರನತ್ತ ಎಸೆದರು. ಅವನು ಅದನ್ನು ಮುದ್ದೆ ಮಾಡಿ ನನ್ನ ಗಂಟಲಿಗೆ ತುರುಕಿದ. ಸೋರಿಕೆಯನ್ನು ಆಮೇಲೆ ತಡೆದರು, ಶಾಲನ್ನು ಮಾತ್ರ ತೆಗೆಯಲಿಲ್ಲ. ತೆಗೆಯಲು ಬಂದ ಶೀನನನ್ನು ಸಾಹೇಬ ಗದರಿಸಿ ಓಡಿಸಿದ. ಇದು ಕೂಗಿದಾಗಲೆಲ್ಲ ಕೆಲಸ ನಿಲ್ಲುತ್ತದೆ, ಹೀಗೇ ಇರಲಿ ಎಂದ.

ಮಳೆಗಾಲ ಮುಗಿದ ಮೇಲೆ ಒಂದು ಮಧ್ಯಾಹ್ನ ವಿಷಗಾಳಿ ಭರ್ರನೆ ನುಗ್ಗಿತು. ಗಂಟಲು ಹರಿಯುವಂತೆ ಕೂಗಿದೆ. ಕೂಗೆಲ್ಲ ಶಾಲಿನೊಳಗೇ ಗುರುಗುಟ್ಟಿತು. ಪಂಪುಗಳ ಸದ್ದಿನಲ್ಲಿ ಯಾರಿಗೂ ಕೇಳಲಿಲ್ಲ. ಶೀನ ನನ್ನ ಕಣ್ಣೆದುರೇ, ಬೈರಾಸು ಹೆಗಲ ಮೇಲಿದ್ದ ಹಾಗೇ, ಕುಸಿದು ಸತ್ತ. ಅವನ ಜೊತೆ ಇನ್ನಿಬ್ಬರು ಹೋದರು.

ಸೈರನ್ ಕೂಗಿತ್ತು, ಶೀನ ನಿದ್ದೆ ಮಾಡುತ್ತಿದ್ದ ಎಂದು ನಾಗರ್ಕರ್ ತನಿಖೆಯವರಿಗೆ ಹೇಳಿದ. ಪಾಪಿ! ಎತ್ತರದ ಕ್ರೇನಿನಲ್ಲಿ ಕೂತಿದ್ದರಿಂದ ಬದುಕುಳಿದ ಖಾದರ್ ಶಾಲಿನ ಮಾತೆತ್ತಿದ, ಯಾರೂ ಕಿವಿಗೊಡಲಿಲ್ಲ. ಹೊಸ ಸೈರನ್ ಬಂತು, ನನ್ನನ್ನು ಗುಜರಿಗೆ ಎಸೆದರು. ಖಾದರ್ ನನ್ನನ್ನು ಶಾಲು ಸಮೇತ ಗೋಣಿಚೀಲದಲ್ಲಿ ಕಟ್ಟಿ ಗುಲಾಬಿಯ ಮನೆಗೆ ತಂದ.

"ಗುಲಾಬಕ್ಕ, ಇದು ಕೂಗ್ದೆ ಇದ್ದದ್ದಲ್ಲ," ಎಂದ. "ಕೂಗೂಕೆ ಬಿಡ್ಲಿಲ್ಲ."

ಗುಲಾಬಿ ಅಳಲಿಲ್ಲ. ಊರಿಡೀ ಅವಳ ಗಂಡನನ್ನು ನಿದ್ದೆಬಡುಕ ಎಂದಿತ್ತು. ಆ ಮಾತು ಅವಳ ಗಂಟಲಲ್ಲಿ ಮೀನಿನ ಮುಳ್ಳಿನ ಹಾಗೆ ಸಿಕ್ಕಿಕೊಂಡಿತ್ತು. ಶಾಲಿನ ಅಂಚನ್ನು ಮುಟ್ಟಿ ನೋಡಿ, ಅದನ್ನು ನನ್ನ ಬಾಯಲ್ಲೇ ಬಿಟ್ಟಳು. ಸೇಡಿಗೆ ಹೊತ್ತು ಕಾಯುವುದು ಅವಳಿಗೂ ಗೊತ್ತಿತ್ತು, ನನಗೂ.

ಮರುವರ್ಷ ನಮ್ಮ ಕಡಲಲ್ಲೂ ಬಾವಿ ಕೊರೆಯುವ ಮಾತು ಬಂತು. ಜೊತೆಗೊಂದು ಮಸೂದೆ: ಕಂಪನಿಗಳಿಗೆ ಸಹಾಯಧನ, ಸಾಲದ್ದಕ್ಕೆ ಸುರಕ್ಷತೆಯ ತಪಾಸಣೆಯನ್ನು ಅವೇ ಮಾಡಿಕೊಳ್ಳಲಿ ಎಂದು. ಊರು ಎರಡಾಯಿತು. ಕೆಲಸ ಬೇಕೆಂಬ ಹುಡುಗರು ಒಂದು ಕಡೆ, ಮೀನು ಹೋಗುತ್ತದೆಂಬ ದೋಣಿಯವರು ಇನ್ನೊಂದು ಕಡೆ. ಗುಲಾಬಿ ಇಬ್ಬರನ್ನೂ ಬೈದಳು. ಕಂಪನಿ ಬರುವುದು ಬಿಡುವುದು ಆಮೇಲಿನ ಮಾತು, ತಪಾಸಣೆಗೆ ಹೊರಗಿನವರೇ ಬರಬೇಕು ಎಂಬುದು ಅವಳ ಹಟ.

ಬಂದರಿನ ಸಭೆಗೆ ಅದೇ ಮಂತ್ರಿಗಳು ಬಂದರು. ಪಕ್ಕದಲ್ಲಿ ನಾಗರ್ಕರ್, ಈಗ ಅವರ ಸಲಹೆಗಾರ. ಹಿಂದೆ ದೊಡ್ಡ ಫ್ಲೆಕ್ಸು. ಅದರಲ್ಲಿ ಎಣ್ಣೆಬಾವಿಯ ಮೇಲೆ ಹಸಿರು ಶಾಲು ಹೊದ್ದು ನಗುತ್ತಿರುವ ಮಂತ್ರಿಗಳು. ಗುಲಾಬಿ ಮಾತಾಡಲು ಹೆಸರು ಕೊಟ್ಟಿದ್ದಳು, ಕರೆಯಲೇ ಇಲ್ಲ. ಆಗ ಸಂಘಟಕರ ಬಳಿ ಹೋಗಿ, ಮೀನು ಮಾರುವ ಹೆಂಗಸರ ಪರವಾಗಿ ಮಂತ್ರಿಗಳಿಗೊಂದು ಸನ್ಮಾನ ಮಾಡಬೇಕಿತ್ತು ಎಂದಳು. ಸನ್ಮಾನ ಎಂದರೆ ಯಾರು ಬೇಡ ಅನ್ನುತ್ತಾರೆ? ಕೂಡಲೇ ದಾರಿ ಬಿಟ್ಟರು. ಅವಳ ಹಿಂದೆ ಖಾದರ್, ಹೂವಿನ ಬುಟ್ಟಿ ಹೊತ್ತು. ಹೂವಿನಡಿ ನಾನು, ನನ್ನ ಪಕ್ಕ ದೋಣಿಯ ಬ್ಯಾಟರಿ.

ವೇದಿಕೆಯ ಮೇಲೆ ಗುಲಾಬಿ ನನ್ನ ಬಾಯಿಂದ ಶಾಲನ್ನು ಎಳೆದು, ಕೊಡವಿ, ಮಂತ್ರಿಗಳ ಹೆಗಲಿಗೆ ಹೊದಿಸಿದಳು. ಹಸಿರು ಕಪ್ಪಾಗಿತ್ತು, ಜರಿಯ ಮಾವಿನಕಾಯಿ ಹಾಗೇ ಇತ್ತು. ಜನ ಒಮ್ಮೆ ಶಾಲನ್ನು ನೋಡಿದರು, ಒಮ್ಮೆ ಫ್ಲೆಕ್ಸನ್ನು.

"ನಿಮ್ದೇ ಶಾಲು ಕಾಣಿ," ಎಂದಳು ಮೈಕಿನಲ್ಲಿ. "ಈ ಸೈರನ್ನಿನ ಬಾಯಲ್ಲಿತ್ತು. ನನ್ ಗಂಡ ನಿದ್ದಿ ಮಾಡಿರ್ಲಿಲ್ಲ."

ಖಾದರ್ ತಂತಿ ತಾಗಿಸಿದ. ಕೂಗಿದೆ ನೋಡಿ! ಅಂದು ಶೀನನಿಗಾಗಿ ಕೂಗಬೇಕಿದ್ದದ್ದನ್ನೆಲ್ಲ ಕೂಗಿದೆ. ನಾಗರ್ಕರ್ ಕುರ್ಚಿ ಕೆಡವಿಕೊಂಡು ಎದ್ದ. ಮಂತ್ರಿಗಳಿಗೆ ತಾವೆಲ್ಲಿದ್ದೇವೆ ಎಂಬುದೇ ಮರೆತುಹೋಯಿತು. ಶಾಲನ್ನು ಕಿತ್ತು ಅವನತ್ತ ಎಸೆದರು. ಅಷ್ಟರಲ್ಲಿ ಖಾದರ್ ತಂತಿ ಬಿಡಿಸಿದ್ದ. ಆ ಮೌನದಲ್ಲಿ ಮೈಕಿನಿಂದ ಹೊರಟ ಅವರ ಮಾತು ಇಡೀ ಬಂದರಿಗೆ ಕೇಳಿಸಿತು.

"ಮೊದಲು ಅದರ ಬಾಯಿ ಮುಚ್ಚಿಸ್ರೀ!"

ಕೆಲಸ ಬೇಕೆಂದಿದ್ದ ಹುಡುಗರೇ ಮೊದಲು ಎದ್ದು ನಿಂತರು. ಮಂತ್ರಿಗಳು ಹಿಂಬಾಗಿಲಿನಿಂದ ಹೋದರು.

ಈಗ ನನಗೆ ತುಕ್ಕು ಹಿಡಿದಿದೆ. ಗುಲಾಬಿಯ ಜಗಲಿಯ ಮೂಲೆಯಲ್ಲಿ ಒಣಮೀನಿನ ಬುಟ್ಟಿಗಳ ಪಕ್ಕ ಕೂತಿದ್ದೇನೆ. ಮಸೂದೆ ಇನ್ನೂ ಸತ್ತಿಲ್ಲ, ದೆಹಲಿಯಲ್ಲಿ ಯಾವುದೋ ಸಮಿತಿಯ ಮುಂದಿದೆಯಂತೆ. ಶಾಲು ಕಂಡರೆ ಮಂತ್ರಿಗಳು ಕೈ ಅಡ್ಡ ಹಿಡಿಯುತ್ತಾರಂತೆ. ಕೇಳಿ ನನಗೆ ಹೊಟ್ಟೆ ತಣ್ಣಗಾಯಿತು. ಆದದ್ದಾಯಿತು, ಕ್ಷಮಿಸಿಬಿಡು ಎಂದು ಕೆಲವರು ಗುಲಾಬಿಗೆ ಬುದ್ಧಿ ಹೇಳುತ್ತಾರೆ. ಶೀನನನ್ನು ನಿದ್ದೆಬಡುಕ ಎಂದವರೂ ಅವರೇ. ಅವಳು ಮಾತ್ರ ದಿನಾ ಬೆಳಿಗ್ಗೆ ಅವನ ಬೈರಾಸಿನಿಂದ ನನ್ನ ಬಾಯಿ ಒರೆಸುತ್ತಾಳೆ, ಬ್ಯಾಟರಿಗೆ ಚಾರ್ಜ್ ಇದೆಯೇ ಎಂದು ನೋಡುತ್ತಾಳೆ.