ದನಿ ಇಳಿಯುವ ಜಾಗ

“ಚಾ ಆತೇನ? ಎಷ್ಟೊತ್ತದು!”

ಪಡಸಾಲೆಯಿಂದ ಗಂಡ ರಾಚಪ್ಪ ಕೂಗಿದ್ದೂ, ಟೇಪಿನಲ್ಲಿ ಹಾಡುವವನ ದನಿ ಮೇಲೇರಿ ನಿಂತದ್ದೂ ಒಂದೇ ಗಳಿಗೆಗೆ. ಶಿವಬಸವ್ವ ಚಹಾ ಸೋಸುವಷ್ಟರಲ್ಲಿ ಆ ಜಾಗ ಮುಗಿದೇ ಹೋಗಿತ್ತು. “ವಾಹ್!” ಎಂದು ಖಾದರಬಾಷಾ ತೊಡೆ ತಟ್ಟಿಕೊಂಡ ಸಪ್ಪಳವಷ್ಟೇ ಅವಳ ಪಾಲಿಗೆ ಬಂತು.

ಇಳಕಲ್ಲಿನ ಆ ನೇಕಾರರ ಓಣಿಯಲ್ಲಿ ಟೇಪರಿಕಾರ್ಡರ್ ಇದ್ದದ್ದು ರಾಚಪ್ಪನೊಬ್ಬನ ಮನೆಯಲ್ಲಿ. ಮುಂಬಯಿಯ ಗಿರಣಿಯಲ್ಲಿದ್ದ ಅವನ ತಮ್ಮ ತಂದುಕೊಟ್ಟದ್ದು. ಯಾವುದೋ ಮಠದಲ್ಲಿ ನಡೆದ ಗಾಯನವನ್ನು ಗೆಳೆಯ ಖಾದರಬಾಷಾ ಹುಬ್ಬಳ್ಳಿಯಲ್ಲಿ ಕ್ಯಾಸೆಟ್ಟಿಗೆ ತುಂಬಿಸಿಕೊಂಡು ಬಂದ ಮೇಲಂತೂ ರಾಚಪ್ಪನಿಗೆ ಹುಚ್ಚೇ ಹಿಡಿದಿತ್ತು. ನೂಲಿನ ಅಂಗಡಿಯವರು, ಅಂಚೆಯವ, ಬಸ್ಸು ತಪ್ಪಿಸಿಕೊಂಡು ನಿಂತಿದ್ದ ಹುನಗುಂದದವನೊಬ್ಬ, ಯಾರು ಸಿಕ್ಕರೂ ಕೈಹಿಡಿದು ತಂದು ಕೂಡಿಸುತ್ತಿದ್ದ. “ಈಗ ಬರತೈತಿ ನೋಡ್ರಿ, ಈಗ ಬರತೈತಿ” ಎಂದು ಅವರ ಮುಖವನ್ನೇ ನೋಡುತ್ತ ಕೂಡುತ್ತಿದ್ದ. ಶಿವಬಸವ್ವನಿಗೆ ಮಾತ್ರ ಒಲೆಯ ಮುಂದಿನ ಜಾಗ.

ಹೋದ ವಾರ ಅವನು ಸೀರೆ ಕೊಡಲು ಬಾಗಲಕೋಟೆಗೆ ಹೋದಾಗ, ಅವಳು ಕದ ಮುಂದೆ ಮಾಡಿ ತಾನೇ ಗುಂಡಿ ಒತ್ತಿದ್ದಳು. ಮೇಲೆ ನಿಂತ ದನಿ ಸರಕ್ಕನೆ ಬೀಳಲಿಲ್ಲ. ಬಾವಿಯ ಮೆಟ್ಟಿಲು ಇಳಿಯುವ ಬಸುರಿಯಂತೆ ಕಾಲೂರಿ ಕಾಲೂರಿ ಇಳಿಯಿತು. ಅವಳ ಕೈ ತಾನಾಗಿಯೇ ಪಕ್ಕಕ್ಕೆ ಚಾಚಿತ್ತು, ಯಾರದಾದರೂ ತೋಳು ಹಿಡಿದು ‘ಇದನ್ನ ಕೇಳ’ ಎನ್ನಲು. ಸಿಕ್ಕದ್ದು ಗೋಡೆ. ಗಂಡ ಮಂದಿಯನ್ನು ಯಾಕೆ ಎಳೆದು ತರುತ್ತಾನೆಂಬುದು ಅವಳಿಗೆ ಅರ್ಥವಾದದ್ದು ಆಗಲೇ. ಅರ್ಥವಾದ ಮೇಲೆ ಸಮಾಧಾನವಾಗಲಿಲ್ಲ, ಸಿಟ್ಟು ನೆತ್ತಿಗೇರಿತು. ಒಬ್ಬನೇ ತಡೆದುಕೊಳ್ಳಲಾರದೆ ಗುರುತಿಲ್ಲದ ಪ್ರಯಾಣಿಕನನ್ನು ಕರೆದವನಿಗೆ, ಒಳಗೇ ಇದ್ದ ತನ್ನನ್ನು ಕರೆಯಬೇಕೆಂದು ಒಮ್ಮೆಯೂ ಅನಿಸಲಿಲ್ಲವೆ? ಇಲ್ಲಾ, ಇವಳಿಗೇನು ತಿಳಿದೀತು ಎಂದುಕೊಂಡನೆ? ಖರೆಯೇ ತನಗೆ ತಿಳಿಯುವುದಿಲ್ಲವೇನೋ ಎಂಬ ಅಳುಕೂ ಹುಟ್ಟಿ, ಅದಕ್ಕೂ ಸೇರಿ ಮೈ ಉರಿಯಿತು.

ಚಹಾ ಸೋಸುತ್ತ ಆ ಜಾಗ ತಪ್ಪಿಸಿಕೊಂಡ ಮರುದಿನ ಮಧ್ಯಾಹ್ನ ಮಗ್ಗದ ಕೋಣೆಯಲ್ಲಿ ಟೋಪ್ ತೆನಿಯ ಕೆಲಸವಿತ್ತು. ಸೀರೆಯ ಒಡಲಿನ ಎಳೆಗಳಿಗೆ ಸೆರಗಿನ ಕೆಂಪು ರೇಷ್ಮೆ ಎಳೆಗಳನ್ನು ಕುಣಿಕೆ ಹಾಕಿ ಕೂಡಿಸುವ ಅದು ಒಬ್ಬರಿಂದ ಆಗುವಂಥದಲ್ಲ. ಓಣಿಯ ಹೆಂಗಸರು ಒಬ್ಬರ ಮನೆಗೊಬ್ಬರು ಹೋಗಿ ಮಾಡಿಕೊಡುವುದು ರೂಢಿ. ಕೂತರೆ ನಡುವೆ ಏಳುವಂತಿಲ್ಲ. ಒಂದು ಕೈ ಸಡಿಲಾದರೂ ಎಲ್ಲಾ ಗೋಜಲು. ನೆರೆಮನೆಯ ಪದ್ಮವ್ವ, ಮುದುಕಿ ಮರೆವ್ವ ಬಂದು ಕೂತರು. ಶಿವಬಸವ್ವ ಪಡಸಾಲೆಗೆ ಹೋಗಿ ಟೇಪನ್ನು ಎತ್ತಿಕೊಂಡು ಬಂದಳು.

“ಯವ್ವಾ, ಗಂಡನ ಎರಡನೇ ಹೇಣ್ತಿನ್ನ ಇಲ್ಲಿಗ್ಯಾಕ ತಂದಿ?” ಎಂದಳು ಮರೆವ್ವ.

“ಇವತ್ತ ಅಕಿ ನಮ್ಮ ಜೋಡಿ ಕುಂದ್ರತಾಳ.”

ಪದ್ಮವ್ವ ಹಿಂಜರಿದಳು. “ನಮಗೇನ ತಿಳಿತೈತೆವ್ವಾ ಅದು?”

“ನನಗರ ಏನ ತಿಳಿದೈತಿ? ಒಂದು ಜಾಗಾ ಐತಿ. ಅದನ್ನ ನೀ ಕೇಳಬೇಕು.”

ಗುಂಡಿ ಒತ್ತಿ ಅವಳೂ ಎಳೆ ಹಿಡಿದಳು. ಹಾಡು ಅರ್ಧಕ್ಕೆ ಬಂದಿತ್ತು, ಹೊರಗೆ ಚಪ್ಪಲಿಗಳ ಸಪ್ಪಳವಾಯಿತು. ರಾಚಪ್ಪ ಬಾಗಿಲಲ್ಲಿ ಬಂದು ನಿಂತ. ಹಿಂದೆ ಖಾದರಬಾಷಾ, ಪಡಸಾಲೆಯಲ್ಲಿ ಮತ್ತಿಬ್ಬರು.

“ಇಲ್ಲಿ ಐತೇನಿದು! ಮಂದಿ ಬಂದಾರ, ಏಳು. ಅದನ್ನಿತ್ಲಾಗ ಕೊಡು.”

“ಕೈ ಬಿಡಾಕ ಬರಂಗಿಲ್ಲ.”

ಅವನು ಒಳಗೆ ಬಂದು ಟೇಪಿಗೆ ಕೈಚಾಚಿದ.

“ಮುಟ್ಟಿದ್ರ ನೋಡ್ರಿ! ಈ ಎಳಿ ಅಷ್ಟೂ ಬಿಟ್ಟು ಏಳತೇನಿ. ಆಮ್ಯಾಲ ನೀವ ಕುಂತು ಬಿಡಸ್ಕೋರಿ.”

“ಮಂದಿ ಮುಂದ ಏನ ಮಾತಾಡ್ತಿ?”

“ಮಂದಿ ಮುಂದನ ಆಡ್ತೇನಿ. ದಾರ್ಯಾಗ ಹೋಗಾವ್ರನ್ನ ಕರದು ಕೇಳಸ್ತೀರಿ. ನನಗ ಒಂದ ದಿನರ ಬಾ, ಕುಂದ್ರು ಅಂದೀರೇನು? ಮನ್ಯಾಗಿನಾಕಿಗೆ ಕಿವಿ ಇಲ್ಲಂತ ತಿಳದೀರೇನು?”

“ನಿನಗ ಬೇಕಂತ ನನಗೇನ ಗೊತ್ತ?”

“ಎಲ್ಲಾರ ಮಾರಿನೂ ನೋಡ್ತೀರಿ. ಒಮ್ಮಿ ನನ್ನ ಮಾರಿ ನೋಡಿದ್ರ ಗೊತ್ತಾಗತಿತ್ತು.”

ಖಾದರಬಾಷಾ ಗೆಳೆಯನ ಅಂಗಿ ಜಗ್ಗಿದ. “ನಡಿ ಮಾರಾಯ, ವೈನಿಯವರು ಖರೇನ ಹೇಳಾಕತ್ತಾರ.”

“ನೀ ಸುಮ್ಕಿರಲೇ!” ಎಂದು ರಾಚಪ್ಪ ಅವನ ಮೇಲೆ ಹರಿಹಾಯ್ದ.

“ಇಬ್ಬರೂ ಸುಮ್ನಿರ್ರಿ!” ಶಿವಬಸವ್ವನ ದನಿಗೆ ಮರೆವ್ವನೂ ಬೆಚ್ಚಿದಳು. “ಬಂತದು.”

ಹಾಡುವವನ ದನಿ ಮೇಲೇರಿ ನಿಂತಿತು. ಶಿವಬಸವ್ವನ ದವಡೆ ಬಿಗಿದೇ ಇತ್ತು. ಗಂಡನತ್ತ ಅವಳು ತಿರುಗಲಿಲ್ಲ. ಎಳೆಗಳ ಆ ತುದಿಯಲ್ಲಿ ಪದ್ಮವ್ವ ತಲೆ ತಗ್ಗಿಸಿ ಕೂತಿದ್ದಳು, ಮುಖ ಕಾಣುತ್ತಿರಲಿಲ್ಲ. ದನಿ ಇಳಿಯತೊಡಗಿದಾಗ ಪದ್ಮವ್ವನ ಕೈ ಸಣ್ಣಗೆ ನಡುಗಿತು. ಆ ನಡುಕ ಬಿಗಿದು ಹಿಡಿದ ಕೆಂಪು ಎಳೆಗಳಗುಂಟ ಹರಿದು ಬಂದು ಶಿವಬಸವ್ವನ ಬೆರಳುಗಳನ್ನು ಮುಟ್ಟಿತು.