ಅತ್ತಿಗೆ ನಡೆಸಿದ ಸಂದರ್ಶನ

"ಸಮಾಜದಿಂದ ನಾನು ತುಂಬಾ ಪಡೆದಿದ್ದೇನೆ. ಅದಕ್ಕೇ ಏನಾದರೂ ಹಿಂದಿರುಗಿಸಬೇಕು ಅಂತ..."

"ಕ್ಲೇಮು ರಿಜೆಕ್ಟ್," ಎಂದಳು ಅತ್ತಿಗೆ, ಬಟಾಣಿ ಬಿಡಿಸುವುದನ್ನು ನಿಲ್ಲಿಸದೆ. "ಬೇರೆ ಕಾರಣ ಇದ್ರೆ ಹೇಳು."

ಅತ್ತಿಗೆ ಕೆಲಸ ಮಾಡುವುದು ವಿಮಾ ಕಚೇರಿಯಲ್ಲಿ. ಅಂಗಡಿ ಸುಟ್ಟುಹೋಯಿತು, ಕಾರು ಕಳುವಾಯಿತು, ಜಾರಿ ಬಿದ್ದು ಸೊಂಟ ಹೋಯಿತು ಎಂದು ಪರಿಹಾರ ಕೇಳುವವರಿಗೆ ಫೋನ್ ಮಾಡಿ, ಯಾರ ಕಥೆಯ ಹೊಲಿಗೆ ಎಲ್ಲಿ ಬಿಟ್ಟಿದೆ ಎಂದು ಹುಡುಕುವುದೇ ಅವಳ ಕಸುಬು. ಒಂದೇ ಪ್ರಶ್ನೆಯನ್ನು ಬೇರೆ ಬೇರೆ ಬಟ್ಟೆ ತೊಡಿಸಿ ಮತ್ತೆ ಮತ್ತೆ ಕೇಳುತ್ತಾಳೆ. ಆಮೇಲೆ ಸುಮ್ಮನಾಗಿಬಿಡುತ್ತಾಳೆ. ಆ ಕಡೆಯಿಂದ ಮಾತು ನಿಂತರೆ ಜನಕ್ಕೆ ತಡೆಯಲಾಗುವುದಿಲ್ಲ. ಕೇಳದಿದ್ದುದನ್ನೂ ತಾವಾಗಿಯೇ ಕಕ್ಕುತ್ತಾರೆ.

ವಿಶ್ವವಿದ್ಯಾಲಯದ ಸಮಾಜಕಾರ್ಯ ಕೋರ್ಸಿನ ಸಂದರ್ಶನಕ್ಕೆ ನಾದಿನಿ ಪುಟ್ಟಿಗೆ ಕರೆ ಬಂದಾಗ, "ತಯಾರಿ ನಾನು ಮಾಡಿಸ್ತೀನಿ," ಎಂದು ಅತ್ತಿಗೆ ಯಾರೂ ಕೇಳದೆಯೇ ಮುಂದೆ ಬಂದಿದ್ದಳು. ಪುಟ್ಟಿ ಹಿಗ್ಗಿಹೋದಳು. ಹೋದ ವರ್ಷವೂ ಅವಳು ಸಂದರ್ಶನದವರೆಗೆ ಹೋಗಿ ಬಿದ್ದಿದ್ದಳು. "ಬಾಯಿಪಾಠ ಚೆನ್ನಾಗಿ ಮಾಡಿದೀಯಮ್ಮ," ಎಂದು ಒಬ್ಬ ಪ್ರೊಫೆಸರು ನಕ್ಕಿದ್ದರು. ಈ ಸಲವೂ ಸೀಟು ಸಿಗದಿದ್ದರೆ ಫಿಸಿಯೋಥೆರಪಿ ಕ್ಲಿನಿಕ್ಕಿನ ರಿಸೆಪ್ಶನ್ ಮೇಜೇ ಗತಿ. ಬೆಳಗಿನಿಂದ ಸಂಜೆವರೆಗೆ "ಮಂಡಿನೋವಾ, ಬೆನ್ನುನೋವಾ?" ಎಂದು ಕೇಳಿ ಕೇಳಿ ಅವಳ ನಾಲಿಗೆ ಸವೆದಿತ್ತು.

ಆದರೆ ಅಭ್ಯಾಸ ಶುರುವಾಗಿ ನಾಲ್ಕು ದಿನ ಕಳೆಯುವಷ್ಟರಲ್ಲಿ ಹಿಗ್ಗು ಇಳಿಯಿತು. ಅತ್ತಿಗೆ ಬೇರೆ ಪ್ರಶ್ನೆಗಳನ್ನು ಹೆಸರಿಗೆ ಕೇಳಿ ದಾಟಿಸುತ್ತಿದ್ದಳು. ಸುತ್ತಿ ಬಳಸಿ ಬಂದು ನಿಲ್ಲುತ್ತಿದ್ದುದು ಒಂದೇ ಕಡೆ.

"ಯಾಕೆ ಈ ಕೋರ್ಸು? ಇಂಥ ಕೆಲಸ ಮಾಡೋರನ್ನ ಮೊದಲ ಸಲ ನೋಡಿದ್ದು ಎಲ್ಲಿ? ಆಗ ನಿಂಗೆ ಎಷ್ಟು ವಯಸ್ಸು? ಮನೇಲಿ ಯಾರ್ಯಾರು ಇದ್ರು?"

ಮನೇಲಿ ಯಾರ್ಯಾರು ಇದ್ದರೆಂಬುದು ಪ್ರೊಫೆಸರಿಗೆ ಯಾಕೆ ಬೇಕು? ಇದು ನನ್ನ ತಯಾರಿಯೋ, ಅಣ್ಣನ ವಿಚಾರಣೆಯೋ? ಪುಟ್ಟಿ ಅತ್ತಿಗೆಯ ಬೆರಳುಗಳನ್ನೇ ನೋಡಿದಳು. ಸಿಪ್ಪೆ ಒಂದು ಕಡೆ, ಕಾಳು ಒಂದು ಕಡೆ. ಒಂದು ಕಾಳೂ ತಪ್ಪುತ್ತಿರಲಿಲ್ಲ.

ನಿಜವಾದ ಉತ್ತರವೇನೋ ಇತ್ತು. ಅಣ್ಣ ಹೈಸ್ಕೂಲಿನಲ್ಲಿದ್ದಾಗ ದೊಡ್ಡ ಹುಡುಗರ ಜೊತೆ ಸೇರಿ ಔಷಧಿ ಅಂಗಡಿಯ ಶಟರು ಮುರಿದು ಸಿಕ್ಕಿಬಿದ್ದಿದ್ದ. ಒಂದು ವರ್ಷ ರಿಮ್ಯಾಂಡ್ ಹೋಮಿನಲ್ಲಿದ್ದ. ಅಮ್ಮ ಒಮ್ಮೆಯೂ ಅತ್ತ ತಲೆ ಹಾಕಲಿಲ್ಲ. ಅಲ್ಲಿಯ ಸೋಶಿಯಲ್ ವರ್ಕರ್ ಮೇಡಂ ಒಬ್ಬರು ತಾವೇ ಮನೆಗೆ ಬಂದು, ಇನ್ನೂ ಫ್ರಾಕು ತೊಡುತ್ತಿದ್ದ ಪುಟ್ಟಿಯ ಕೈಹಿಡಿದು ಬಸ್ಸು ಹತ್ತಿಸಿ, ಶನಿವಾರ ಶನಿವಾರ ಅಣ್ಣನ ಹತ್ತಿರ ಕರೆದೊಯ್ಯುತ್ತಿದ್ದರು. "ಅಣ್ಣಂಗೆ ಏನು ಹೇಳ್ಬೇಕು ಅಂತ ಈಗ್ಲೇ ಯೋಚನೆ ಮಾಡ್ಕೋ," ಎನ್ನುತ್ತಿದ್ದರು. ಅವರಂತೆ ಆಗಬೇಕೆಂದು ಪುಟ್ಟಿ ಅಂದೇ ತೀರ್ಮಾನಿಸಿದ್ದಳು.

ಇದಾವುದೂ ಅತ್ತಿಗೆಗೆ ಗೊತ್ತಿರಲಿಲ್ಲ. ಆ ವರ್ಷ ಹುಡುಗ ಸೋದರಮಾವನ ಮನೆಯಲ್ಲಿದ್ದು ಓದಿದ ಎಂಬುದು ಮದುವೆ ಮಾತುಕತೆಯ ಹೊತ್ತಿಗೆ ಅಮ್ಮ ಕಟ್ಟಿದ ಕಥೆ. ಅದಕ್ಕೆ ಮನೆಮಂದಿಯೆಲ್ಲ ತಲೆಯಾಡಿಸಿದ್ದರು.

ಮರುದಿನ ಬೆಳಿಗ್ಗೆ ಪುಟ್ಟಿ ಕೆಲಸಕ್ಕೆ ಹೊರಟಾಗ ಅಣ್ಣ ಮೆಟ್ಟಿಲ ತಿರುವಿನಲ್ಲಿ ಕಾಯುತ್ತಿದ್ದ. ಕೊರಿಯರ್ ವ್ಯಾನಿನ ಕೀಲಿ ಅವನ ಬೆರಳಿನಲ್ಲಿ ಗರಗರ ತಿರುಗುತ್ತಿತ್ತು.

"ಏನು ಕೇಳ್ತಿದಾಳೆ ನಿಮ್ಮತ್ತಿಗೆ?"

"ಇಂಟರ್‌ವ್ಯೂಗೆ ಏನು ಕೇಳ್ತಾರೋ ಅದು."

"ಬುರುಡೆ ಬಿಡ್ಬೇಡ. ನಿನ್ನೆ ನಾನು ಸ್ನಾನಕ್ಕೆ ಹೋಗಿದ್ದಾಗ ಗುಸುಗುಸು ನಡೀತಿತ್ತು. ನಾನು ಬಂದ ತಕ್ಷಣ ಇಬ್ರೂ ಬಟಾಣಿ ರೇಟು ಮಾತಾಡಿದ್ರಿ."

"ನಿನಗೆ ಎಲ್ಲದರಲ್ಲೂ ಹುಳುಕು ಕಾಣುತ್ತೆ ಅಣ್ಣ."

"ಅವಳನ್ನ ಕಟ್ಕೊಂಡ್ಮೇಲೆ ಕಲಿತದ್ದು." ಅವನು ನಗಲಿಲ್ಲ. "ನೋಡು, ಅವಳ ಮುಂದೂ ಹೇಳ್ಬೇಡ, ಅಲ್ಲಿ ಆ ಮೇಷ್ಟ್ರುಗಳ ಮುಂದೂ ಹೇಳ್ಬೇಡ. ನನ್ನ ಮಾನ ಹರಾಜು ಹಾಕಿ ನೀನು ಸೀಟು ತಗೋಬೇಡ."

ಅವನು ಇಳಿದುಹೋದ. ಪುಟ್ಟಿಗೆ ಮೈ ಉರಿಯಿತು. ಅವಳ ಉತ್ತರಗಳ ಬೊಕ್ಕಸದಲ್ಲಿ ಚಲಾವಣೆಯಾಗುವ ನಾಣ್ಯ ಇದ್ದದ್ದು ಒಂದೇ, ಅದಕ್ಕೂ ಅಣ್ಣ ಬೀಗ ಹಾಕಿದ್ದ.

ಕ್ಲಿನಿಕ್ಕಿನಲ್ಲಿ ರೋಗಿಗಳಿಲ್ಲದ ಹೊತ್ತಿನಲ್ಲಿ ಕೋರ್ಸಿನ ಕೈಪಿಡಿಯನ್ನು ತಿರುವುತ್ತ ಕೂತಳು. ಇನ್ನೊಬ್ಬರ ಗುಟ್ಟು ಕಾಯುವುದು ಈ ವೃತ್ತಿಯ ಮೊದಲ ಧರ್ಮ ಎಂದು ಅದರಲ್ಲಿತ್ತು. ಅವಳಿಗೆ ಥಟ್ಟನೆ ದಾರಿ ಕಂಡಿತು. ಹೇಳುವುದೂ ಬೇಡ, ಸುಳ್ಳಾಡುವುದೂ ಬೇಡ. ಪ್ರೊಫೆಸರು ಮೆಚ್ಚುತ್ತಾರೆ, ಅತ್ತಿಗೆಯ ಬಾಯಿ ಮುಚ್ಚುತ್ತದೆ, ಅಣ್ಣನ ಮಾನ ಉಳಿಯುತ್ತದೆ. ತನ್ನ ಜಾಣತನಕ್ಕೆ ತಾನೇ ಬೆರಗಾದಳು.

ಸಂದರ್ಶನದ ಹಿಂದಿನ ಸಂಜೆ ಕೊನೆಯ ಅಭ್ಯಾಸ. ಅಮ್ಮ ಕಿಟಕಿಯ ಬಳಿ ಹೊಲಿಗೆಯಂತ್ರದ ಮುಂದೆ ಕೂತು ಯಾರದೋ ಪ್ಯಾಂಟಿನ ಅಂಚು ಮಡಚಿ ಹೊಲಿಯುತ್ತಿದ್ದಳು. ಅಣ್ಣ ಎಂದಿಗಿಂತ ಬೇಗ ಬಂದು, ಕಾವಲಿಗೆ ಬಂದವನಂತೆ ಬಾಗಿಲ ಪಕ್ಕ ಕೂತಿದ್ದ.

"ಶುರು ಮಾಡೋಣ," ಎಂದಳು ಅತ್ತಿಗೆ. "ಯಾಕೆ ಈ ಕೋರ್ಸು?"

ಪುಟ್ಟಿ ಬೆನ್ನು ನೆಟ್ಟಗೆ ಮಾಡಿದಳು. "ನಂಗೆ ತುಂಬಾ ಹತ್ತಿರದವರೊಬ್ಬರ ಕಷ್ಟಕಾಲದಲ್ಲಿ ಒಬ್ಬ ಸೋಶಿಯಲ್ ವರ್ಕರ್ ಏನು ಮಾಡಿದ್ರು ಅಂತ ಕಣ್ಣಾರೆ ನೋಡಿದೀನಿ. ಆದ್ರೆ ಅದು ಅವರ ವಿಷಯ. ಅವರ ಒಪ್ಪಿಗೆ ಇಲ್ದೆ ಅದಕ್ಕಿಂತ ಹೆಚ್ಚು ಹೇಳಕ್ಕೆ ನಂಗೆ ಹಕ್ಕಿಲ್ಲ."

ಹೊಲಿಗೆಯಂತ್ರ ನಿಂತಿತು.

"ಭೇಷ್," ಎಂದಳು ಅತ್ತಿಗೆ. "ಇದು ಪಾಸು." ಕುರ್ಚಿಯನ್ನು ನಿಧಾನವಾಗಿ ಗಂಡನ ಕಡೆ ತಿರುಗಿಸಿದಳು. "ಆ ಹತ್ತಿರದವರು ಯಾರು ರೀ?"

ಆಗ ಪುಟ್ಟಿಗೆ ತಾನೇನು ಮಾಡಿದೆನೆಂದು ಹೊಳೆಯಿತು. ಪೆಟ್ಟಿಗೆಯ ಬೀಗ ಭದ್ರವಾಗಿದೆ ಎಂದು ಸಾರುವ ಭರದಲ್ಲಿ ಪೆಟ್ಟಿಗೆಯನ್ನೇ ಎತ್ತಿ ಜಗಲಿಗೆ ತಂದಿಟ್ಟಿದ್ದಳು.

"ನಂಗೇನು ಗೊತ್ತು? ಅವಳನ್ನ ಕೇಳು," ಎಂದ ಅಣ್ಣ.

"ಕೇಳಲ್ಲ. ಅವಳಿಗೆ ಹಕ್ಕಿಲ್ವಂತೆ." ಅತ್ತಿಗೆಯ ದನಿ ಏರಲಿಲ್ಲ. "ಹೋದ ಸಲ ನಿಮ್ಮ ಸೋದರಮಾವನ ಮನೆಗೆ ಹೋಗಿದ್ವಲ್ಲ, ಒಂದು ವರ್ಷ ಇದ್ದ ಮನೇಲಿ ಬಚ್ಚಲು ಎಲ್ಲಿ ಅಂತ ಅವರ ಹೆಂಡತೀನ ಕೇಳಿದ್ರಿ. ಅವತ್ತಿಂದ ಕಾಯ್ತಿದೀನಿ."

"ಅದಕ್ಕೇನಾ ನಂಗೆ ತಯಾರಿ ಮಾಡಿಸಿದ್ದು?" ಎಂದಳು ಪುಟ್ಟಿ.

"ಅದಕ್ಕೂ ಹೌದು, ಇದಕ್ಕೂ ಹೌದು. ಒಂದೇ ಖರ್ಚಲ್ಲಿ ಎರಡು ಕೆಲಸ ಆಗ್ತಿದ್ರೆ ಬಿಡ್ತಾರಾ?"

"ಇದೇನು ಮನೇನೋ ಪೊಲೀಸ್ ಠಾಣೇನೋ?" ಎಂದು ಅಮ್ಮ ಗೊಣಗಿದಳು. ಅತ್ತಿಗೆ ಕೈಕಟ್ಟಿ ಸುಮ್ಮನೆ ಕೂತಳು.

ಅಣ್ಣ ಕೆಮ್ಮಿದ. ಚಪ್ಪಲಿಯ ಬಾರು ಸರಿಮಾಡಿದ. ಆಮೇಲೆ ನೆಲ ನೋಡುತ್ತ ಎಲ್ಲವನ್ನೂ ಹೇಳಿದ. ಶಟರು, ಪೊಲೀಸು, ಹೋಮು. ಪುಟ್ಟಿಗೆ ಗೊತ್ತಿದ್ದದ್ದೇ ಎಲ್ಲ. ಕೊನೆಯದೊಂದು ಮಾತ್ರ ಗೊತ್ತಿರಲಿಲ್ಲ.

"ಆ ಮೇಡಂ ವಾರವಾರ ಇವಳನ್ನ ಕರ್ಕೊಂಡು ಬರೋರು. ಬೇಡ ಮೇಡಂ, ಈ ವೇಷದಲ್ಲಿ ಮಗು ನನ್ನ ನೋಡೋದು ಬೇಡ ಅಂತ ಕಾಲು ಹಿಡ್ಕೊಂಡೆ. ಕೇಳ್ಲಿಲ್ಲ. 'ನಿನಗೆ ಒಳ್ಳೇದು' ಅಂದ್ರು. ಇವಳು ವಾಪಸ್ ಹೋದ್ಮೇಲೆ ಮಿಕ್ಕ ಹುಡುಗ್ರು ಇವಳ ಮಾತು ಅಣಕಿಸೋರು. ಆ ರಾತ್ರಿ ನಾನು ಯಾರಿಗಾದ್ರೂ ಹೊಡೀಲೇಬೇಕಿತ್ತು."

ಪುಟ್ಟಿಗೆ ಬಸ್ಸಿನ ಕಿಟಕಿ ನೆನಪಾಯಿತು. ತನ್ನ ಕೈಹಿಡಿದಿದ್ದ ಆ ಕೈಯೂ ನೆನಪಾಯಿತು. ಅದು ಈಗ ಬೇರೆ ಯಾರದೋ ಕೈಯಂತೆ ತೋರಿತು.

"ನಂಗೆ ಯಾಕೆ ಹೇಳ್ಲಿಲ್ಲ?"

"ನೀನು ಅಷ್ಟು ಖುಷಿಯಾಗಿ ಬರ್ತಿದ್ದೆ."

ಅತ್ತಿಗೆ ಪುಟ್ಟಿಯ ಕಡೆ ತಿರುಗಿದಳು. "ನಾಳೆ ಕೇಳ್ತಾರೆ. ಯಾಕೆ ಈ ಕೋರ್ಸು?"

ಪುಟ್ಟಿಯ ಬಳಿ ಸಿದ್ಧ ಉತ್ತರ ಒಂದೂ ಉಳಿದಿರಲಿಲ್ಲ. "ಒಬ್ರು ಒಂದು ಮನೆಗೆ ಒಳ್ಳೇದು ಮಾಡಿದ್ರು ಅಂತ ಇಷ್ಟು ವರ್ಷ ನಂಬಿದ್ದೆ. ಒಳ್ಳೇದಾಗಿದ್ದು ನಂಗೊಬ್ಬಳಿಗೇ ಅಂತ ಈಗ ಗೊತ್ತಾಯ್ತು. ಅವರು ಮಾಡಿದ್ದು ಸರೀನೋ ತಪ್ಪೋ ಹೇಳಕ್ಕೆ ನಂಗೆ ಬರ್ತಿಲ್ಲ. ಅದು ಕಲೀಬೇಕು."

ಅಣ್ಣ ತಲೆಯೆತ್ತಿದ. "ಹೇಳು. ನನ್ನ ಹೆಸರು ಎತ್ತಬೇಡ, ಅಷ್ಟೆ," ಎಂದ.

"ಸೀಟು ಕೊಡ್ತಾರೋ ಇಲ್ವೋ ಗೊತ್ತಿಲ್ಲ," ಎಂದಳು ಅತ್ತಿಗೆ. "ಬಾಯಿಪಾಠ ಅಂತೂ ಅನ್ನಲ್ಲ. ಹೋಗಿ ಬಟ್ಟೆ ಇಸ್ತ್ರಿ ಮಾಡ್ಕೋ."

ಪುಟ್ಟಿ ಎದ್ದಳು. ಸದ್ಯ ಮುಗಿಯಿತೆಂದುಕೊಂಡು ಅಣ್ಣನೂ ವ್ಯಾನಿನ ಕೀಲಿಗೆ ಕೈ ಹಾಕಿದ.

"ನೀವು ಎಲ್ಲಿಗೆ ಹೊರಟ್ರಿ?" ಎಂದಳು ಅತ್ತಿಗೆ. "ಕೂತ್ಕೊಳ್ಳಿ. ನಿಮ್ಮದು ಇನ್ನೂ ಮುಗಿದಿಲ್ಲ."