ಭಾನುವಾರದ ಗಡ್ಡ

ಬ್ರಶ್ಶು ಒದ್ದೆಯಾಗಿತ್ತು.

ಪ್ರಮೀಳಾ ಇನ್ನೊಮ್ಮೆ ಮುಟ್ಟಿ ನೋಡಿದಳು. ಮೇಲಿನ ಕೂದಲು ಒಣಗಿದಂತೆ ಕಂಡರೂ ಬುಡದಲ್ಲಿ ತೇವ ಉಳಿದಿತ್ತು. ಒತ್ತಿದಾಗ ಬೆರಳಿಗೆ ಒಂದಿಷ್ಟು ನೊರೆ ಹತ್ತಿತು. ಮೂಸಿದಳು. ಅದೇ ಗಂಧದ ಸೋಪಿನ ವಾಸನೆ. ಗಂಡನ ಬಗಲಚೀಲದಲ್ಲಿ ಒಗೆಯಬೇಕಾದ ಬಟ್ಟೆ ಏನಾದರೂ ಇದೆಯೇ ಎಂದು ನೋಡಲು ಹೋದವಳಿಗೆ ಟವೆಲಿನಲ್ಲಿ ಸುತ್ತಿದ ತಗಡಿನ ಡಬ್ಬ ಸಿಕ್ಕಿತ್ತು. ಒಳಗೆ ರೇಜರ್, ಬ್ರಶ್ಶು, ಸೋಪಿನ ಬಟ್ಟಲು, ಪಟಿಕದ ತುಂಡು. ಆದರೆ ಹಿತ್ತಿಲಲ್ಲಿ ಕೈಕಾಲು ತೊಳೆಯುತ್ತಿದ್ದ ನಿಂಗರಾಜುವಿನ ಮುಖದ ಮೇಲೆ ತಿಂಗಳುಗಟ್ಟಲೆ ಬೆಳೆದ ಗಡ್ಡ ಹಾಗೆಯೇ ಇತ್ತು.

ಆ ಗಡ್ಡ ಅವಳ ಹೊಟ್ಟೆಯಲ್ಲಿದ್ದ ಮಗುವಿನದು. ಹೆಂಡತಿ ಬಸುರಿಯಾದಾಗ ಗಂಡ ಕ್ಷೌರ ಮಾಡಿಸಿಕೊಳ್ಳಬಾರದು ಎಂಬುದು ಆ ಮನೆಯ ನಡಾವಳಿ. ಮದುವೆಯಾದ ವರ್ಷ ಅವಳಿಗೆ ಮೊದಲ ಸಲ ಬಸಿರು ನಿಂತಾಗ ನಿಂಗರಾಜು ನಕ್ಕು, ಎಂದಿನಂತೆ ದಿನಾ ಬೆಳಗ್ಗೆ ಕನ್ನಡಿಯ ಮುಂದೆ ಕೂತಿದ್ದ. ಮೂರನೇ ತಿಂಗಳಿಗೆ ಇಳಿದುಹೋಯಿತು. ಅತ್ತೆ ದೊಡ್ಡತಾಯಮ್ಮ ಮಗನಿಗೆ ಹೆಚ್ಚು ಹೇಳಲಿಲ್ಲ. "ಮಕದ ಮ್ಯಾಲೆ ಕತ್ತಿ ಆಡಿಸ್ಬ್ಯಾಡ ಅಂದಿದ್ದೆ ಕಣ್ಲಾ," ಎಂದಷ್ಟೇ ಅಂದು ಒಳಗೆ ಹೋಗಿದ್ದಳು. ಪ್ರಮೀಳಾ ಮಂಡ್ಯದಲ್ಲಿ ಬಿ.ಎ. ಓದಿದವಳು. ಅದನ್ನು ನಂಬುತ್ತೇನೆ ಎನ್ನುವ ಹಾಗೂ ಇರಲಿಲ್ಲ, ನಂಬುವುದಿಲ್ಲ ಎಂದು ಹೇಳುವ ಧೈರ್ಯವೂ ಇರಲಿಲ್ಲ. ಈ ಸಲ ಡಾಕ್ಟರು ಹೌದು ಎಂದ ಸಂಜೆಯೇ ಅವಳು ಕನ್ನಡಿಯನ್ನು ಮೊಳೆಯಿಂದ ಇಳಿಸಿ ಅಟ್ಟಕ್ಕೆ ಹಾಕಿದ್ದಳು. ನಿಂಗರಾಜು ಡಬ್ಬದ ಮುಚ್ಚಳ ಹಾಕಿದ್ದ.

ಅವನಿಗೆ ಅದು ಸಣ್ಣ ಸಂಗತಿಯಾಗಿರಲಿಲ್ಲ. ಕೆ.ಆರ್. ಪೇಟೆಯ ಹೈಸ್ಕೂಲಿನಲ್ಲಿ ಅವನು ಡ್ರಾಯಿಂಗ್ ಮೇಷ್ಟ್ರು. ಬೇರೆ ಮೇಷ್ಟ್ರುಗಳೆಲ್ಲ ಆಗತಾನೆ ಪೇಟೆಗೆ ಬಂದಿದ್ದ, ಎರಡು ಸಲ ಬಳಸಿ ಬಿಸಾಡುವ ಪ್ಲಾಸ್ಟಿಕ್ ರೇಜರುಗಳಿಗೆ ಒಗ್ಗಿಕೊಂಡಿದ್ದರು. ಇವನು ಮಾತ್ರ ತಂದೆಯ ಕಾಲದ ಆ ತೂಕದ ರೇಜರನ್ನೇ ಹಿಡಿದಿದ್ದ. ಬಿಸಿನೀರಿನಲ್ಲಿ ಬ್ರಶ್ಶು ನೆನೆಸಿ, ಬಟ್ಟಲಲ್ಲಿ ಸೋಪನ್ನು ತಿರುವಿ ತಿರುವಿ, ನೊರೆ ಮಜ್ಜಿಗೆ ಕಡೆದ ಬೆಣ್ಣೆಯ ಹಾಗೆ ಗಟ್ಟಿಯಾಗುವ ತನಕ ಕಾದು, ಆಮೇಲೆ ಕೆನ್ನೆಗೆ ಹಚ್ಚುವನು. ಎಡಗೈ ಬೆರಳುಗಳಿಂದ ಚರ್ಮವನ್ನು ಮೆಲ್ಲಗೆ ಎಳೆದು, ತಲೆ ಓರೆ ಮಾಡಿ, ರೇಜರಿನ ಭಾರದಲ್ಲೇ ಅದನ್ನು ಜಾರಿಸುವನು. ಬ್ಲೇಡು ಕೂದಲು ಕುಯ್ಯುವ ಚರ್ ಚರ್ ಸದ್ದು ಅಡಿಗೆಮನೆಯ ಕಿಟಕಿಗೂ ಕೇಳುತ್ತಿತ್ತು. ಮದುವೆಯಾದ ಹೊಸದರಲ್ಲಿ ಪ್ರಮೀಳಾ ರೊಟ್ಟಿ ತಟ್ಟುತ್ತಾ ಅದನ್ನು ಕದ್ದು ನೋಡುತ್ತಿದ್ದಳು. ತನ್ನ ಕೆನ್ನೆಯನ್ನು ತಾನೇ ಅಷ್ಟು ಅಕ್ಕರೆಯಿಂದ ಮುಟ್ಟಿಕೊಳ್ಳುವ ಈ ಗಂಡಸು ನನ್ನ ಕೆನ್ನೆಯನ್ನು ಯಾವತ್ತಾದರೂ ಹೀಗೆ ಮುಟ್ಟಿದ್ದಾನೆಯೇ ಎಂದು ಅನಿಸಿ, ಹೆಂಚಿನ ಮೇಲಿನ ರೊಟ್ಟಿ ಸೀದಿದ್ದೂ ಉಂಟು.

ಈಗ ಕೆಲವು ಭಾನುವಾರಗಳಿಂದ ಅವನು ಬೆಳಗ್ಗೆ ಪಾಂಡವಪುರದ ಬಸ್ಸು ಹತ್ತುತ್ತಿದ್ದ. "ಸ್ನೇಹಿತರೊಬ್ಬರಿಗೆ ಹುಷಾರಿಲ್ಲ, ನೋಡ್ಕೊಂಡು ಬತ್ತೀನಿ," ಎನ್ನುತ್ತಿದ್ದ. ಹುಷಾರಿಲ್ಲದವರನ್ನು ನೋಡಲು ರೇಜರ್ ಯಾಕೆ? ಆ ವಾರವೆಲ್ಲ ಪ್ರಮೀಳಾ ಈ ಪ್ರಶ್ನೆಯನ್ನು ನಾಲಿಗೆಯ ಮೇಲಿಟ್ಟುಕೊಂಡು ನುಂಗಿದಳು. ಗಡ್ಡ ಬಿಟ್ಟ ಗಂಡಸು ಗಡ್ಡ ತೆಗೆಯುವ ಸಾಮಾನು ಹೊತ್ತುಕೊಂಡು ಎಲ್ಲಿಗೆ ಹೋಗುತ್ತಾನೆ? ಯಾವ ಮನೆಯಲ್ಲಿ ಅವನಿಗೆ ನೀರು ಕಾಯುತ್ತದೆ?

ಮುಂದಿನ ಭಾನುವಾರ ಅವನು ಚಪ್ಪಲಿ ಮೆಟ್ಟುತ್ತಿದ್ದಾಗ ಕೇಳಿಯೇ ಬಿಟ್ಟಳು. "ಚೀಲದಲ್ಲಿ ಶೇವಿಂಗ್ ಡಬ್ಬ ಯಾಕ್ರೀ?"

ನಿಂಗರಾಜು ಬಾಗಿಲ ಕಡೆ ಒಮ್ಮೆ ನೋಡಿದ. ಅವ್ವ ಕೊಟ್ಟಿಗೆಯಲ್ಲಿದ್ದಳು. "ಮೆಲ್ಲಗೆ ಮಾತಾಡು. ಹೊನ್ನಣ್ಣಂಗೆ ಗಡ್ಡ ಮಾಡಕ್ಕೆ."

"ಯಾವ ಹೊನ್ನಣ್ಣ?"

"ಯಶೋಧನ ಗಂಡ."

ಎಷ್ಟು ಸಲೀಸಾಗಿ ಅಂದ! ಸುಳ್ಳು ಹೇಳಿದ್ದರೆ ಅವಳು ಹಿಡಿದು ಜಗ್ಗಾಡಬಹುದಿತ್ತು. ನಿಜವನ್ನು ಹೀಗೆ ಮುಂದಿಟ್ಟರೆ ಎಲ್ಲಿ ಹಿಡಿಯುವುದು?

ಯಶೋಧ ಅವನ ಸೋದರಮಾವನ ಮಗಳು. ತೊಟ್ಟಿಲಲ್ಲಿದ್ದಾಗಲೇ ನಿಂಗರಾಜುವಿಗೆ ಎಂದು ಮಾತಾಗಿದ್ದ ಹುಡುಗಿ. ಬಾವಿಯ ನೀರಿನ ಪಾಲಿಗಾಗಿ ದೊಡ್ಡತಾಯಮ್ಮನಿಗೂ ಹುಡುಗಿಯ ಅಪ್ಪನಾದ ಅವಳ ಅಣ್ಣನಿಗೂ ಮಾತು ಬಿಟ್ಟುಹೋಗಿ, ಹುಡುಗಿಯನ್ನು ಪಾಂಡವಪುರದಲ್ಲಿ ಆಲೆಮನೆ ನಡೆಸುತ್ತಿದ್ದ ಹೊನ್ನಪ್ಪನಿಗೆ ಕೊಟ್ಟಿದ್ದರು. ಹೊನ್ನಪ್ಪ ಅವಳಿಗಿಂತ ತುಂಬಾ ದೊಡ್ಡವನು. ಕಳೆದ ಬೇಸಿಗೆಯಲ್ಲಿ ಅವನಿಗೆ ಲಕ್ವ ಹೊಡೆದು ಬಲಗಡೆ ಬಿದ್ದುಹೋಯಿತು ಎಂದು ಯಾರೋ ಹೇಳಿದ್ದು ಪ್ರಮೀಳಾಳ ಕಿವಿಗೂ ಬಿದ್ದಿತ್ತು.

"ಕ್ಷೌರದವರು ಇಲ್ವಾ ಪಾಂಡವಪುರದಲ್ಲಿ?"

"ಅವ್ರೆ. ಹೊನ್ನಣ್ಣ ಯಾರ್ ಕೈಗೂ ಮಕ ಕೊಡಲ್ಲ. ನಾನೇ ಬರಬೇಕಂತೆ." ಅವನು ಗಡ್ಡ ಕೆರೆದುಕೊಂಡು ತುಸು ನಾಚಿದವನಂತೆ ನಕ್ಕ. "ನಂಗೂ ಕೈ ಕಡೀತಿತ್ತು ಕಣೆ. ನಂದಂತೂ ತೆಗಿಯಂಗಿಲ್ಲ. ಅವ್ವಂಗೆ ಹೇಳ್ಬ್ಯಾಡ. ಗೌಡನ ಮಗ ಊರೋರ ಗಡ್ಡ ಕೆರೀತಾವ್ನೆ ಅಂತ ಎದೆ ಬಡ್ಕತಾಳೆ. ಅದೂ ಅವಳ ಅಣ್ಣನ ಅಳಿಯಂದು."

"ನಾನೂ ಬರ್ತೀನಿ," ಎಂದಳು ಪ್ರಮೀಳಾ.

ದೊಡ್ಡತಾಯಮ್ಮನಿಗೆ ಪಾಂಡವಪುರದಲ್ಲಿ ತನ್ನ ಚಿಕ್ಕಮ್ಮನನ್ನು ನೋಡಿಬರುತ್ತೇನೆ ಎಂದಳು. ಆ ಮನೆಗೆ ಬಂದ ಮೇಲೆ ಅವಳು ಹೇಳಿದ ಮೊದಲ ಸುಳ್ಳು ಅದು. ಅತ್ತೆ ಸಗಣಿಯ ಕೈಯಲ್ಲೇ ಹೊರಗೆ ಬಂದು, "ಈ ಹೊಟ್ಟೆ ಹೊತ್ಕೊಂಡು ಆ ರಸ್ತೇಲಾ? ನಿಂಗೇನು ಬುದ್ಧಿಗಿದ್ಧಿ ಕೆಟ್ಟಿತಾ? ನಡೂ ಸೀಟಲ್ಲಿ ಕೂರ್ಸೋ ಅವಳ್ನ. ಹಿಂದೆ ಕೂರಿಸ್ಬುಟ್ಟೀಯಾ ಕರಡಿ ನನ್ಮಗನೆ!" ಎಂದು ಇಬ್ಬರಿಗೂ ಒಟ್ಟಿಗೆ ಬೈದಳು.

ಹೊನ್ನಪ್ಪನ ಮನೆಯ ನಡುಮನೆಯಲ್ಲಿ ಕಿಟಕಿಗೆ ಅಡ್ಡವಾಗಿ ಮಂಚ ಹಾಕಿತ್ತು. ದಿಂಬುಗಳಿಗೆ ಒರಗಿ ಕೂತಿದ್ದ ದೊಡ್ಡ ಆಳು. ಬಾಯಿಯ ಬಲತುದಿ ಮಾತ್ರ ಕೆಳಗೆ ಜಗ್ಗಿತ್ತು. ಬಾಗಿಲಲ್ಲಿ ಪ್ರಮೀಳಾಳನ್ನು ಕಂಡು ಅವನ ಹುಬ್ಬು ಏರಿತು. ಒಳಗಿನಿಂದ ಯಶೋಧ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದಳು. ಪ್ರಮೀಳಾ ಅಂದುಕೊಂಡಿದ್ದಷ್ಟು ಚೆಲುವೆಯಲ್ಲ. ಅದರಿಂದ ಸಮಾಧಾನವೇನೂ ಆಗಲಿಲ್ಲ.

"ಅಯ್ಯೋ, ಅಕ್ಕನ್ನೂ ಕರ್ಕಬಂದ್ಯಾ ಬಾವ? ಬಾ ಅಕ್ಕ, ಕೂತ್ಕೊ. ಎಷ್ಟು ತಿಂಗ್ಳು? ಬಾವನ ಗಡ್ಡ ನೋಡಿ ಲೆಕ್ಕ ಆಕ್ತಿದ್ದೆ ನಾನು," ಎಂದು ನಕ್ಕಳು.

ಬಾವ. ಆ ಮಾತು ಎಷ್ಟು ಹಳೆಯದು, ಅವಳ ಬಾಯಲ್ಲಿ ಎಷ್ಟು ನಯವಾಗಿ ಸವೆದಿದೆ ಎಂದು ಪ್ರಮೀಳಾ ಲೆಕ್ಕ ಹಾಕಿದಳು. ತಾನು ಇವನನ್ನು 'ರೀ' ಎನ್ನುವುದನ್ನು ಬಿಟ್ಟರೆ ಇನ್ನೇನೂ ಅಂದವಳಲ್ಲ.

ನಿಂಗರಾಜು ಆಗಲೇ ಕೆಲಸಕ್ಕೆ ಇಳಿದಿದ್ದ. ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಟವೆಲನ್ನು ಹೊನ್ನಪ್ಪನ ಮುಖಕ್ಕೆ ಒತ್ತಿ ಹಿಡಿದ. ಬಟ್ಟಲಲ್ಲಿ ಬ್ರಶ್ಶು ತಿರುಗಿತು. ನೊರೆ ಏಳುತ್ತಿದ್ದಂತೆ ಅವನ ಕಣ್ಣುಗಳು ಅರೆಮುಚ್ಚಿದವು. ಕೆ.ಆರ್. ಪೇಟೆಯ ಹಿತ್ತಿಲಲ್ಲಿ ಅವಳು ಕದ್ದು ನೋಡುತ್ತಿದ್ದ ಮುಖ ಅದೇ. ಮೂರು ತಿಂಗಳಿಂದ ಕಾಣದೆ ಹೋಗಿದ್ದ ಮುಖ. ಈ ಮನೆಯಲ್ಲಿ ಮಾತ್ರ ಅದು ಪ್ರತಿ ಭಾನುವಾರ ಕಾಣುತ್ತಿತ್ತು.

"ಗದ್ದದ ಕೆಳಗೆ ಉಲ್ಟಾ ಬೆಳ್ದದೆ ಕಣ್ಲಾ, ನೋಡ್ಕೊಂಡು," ಎಂದ ಹೊನ್ನಪ್ಪ ನೊರೆಯ ನಡುವಿನಿಂದ.

"ಸುಮ್ನಿರಣ್ಣ, ಮಾತಾಡಿದ್ರೆ ಮೂಗು ಹೋಯ್ತದೆ."

"ಓದ್ರೆ ಓಗ್ಲಿ. ಈಗೇನು ಯಾರಾದ್ರೂ ಹೆಣ್ಣು ಕೊಡ್ತಾರಾ ನಂಗೆ?"

ಯಶೋಧ ನಕ್ಕಳು. ನಿಂಗರಾಜುವೂ ನಕ್ಕ. ಹೊನ್ನಪ್ಪ ನಗಲಿಲ್ಲ. ಕತ್ತಿನ ಮೇಲೆ ಬ್ಲೇಡು ಏರುತ್ತಿದ್ದರೂ ಅವನ ನೋಟ ಒಮ್ಮೆ ಆ ಕೈಯ ಮೇಲೆ, ಒಮ್ಮೆ ನೀರಿನ ತಂಬಿಗೆ ಹಿಡಿದು ನಿಂತ ಹೆಂಡತಿಯ ಮೇಲೆ ಹೋಗಿ ಬರುತ್ತಿತ್ತು.

ಪ್ರಮೀಳಾ ಕೂಡ ಅದನ್ನೇ ಮಾಡುತ್ತಿದ್ದಳು. ನಿಂಗರಾಜು ಒಮ್ಮೆಯೂ ತಲೆಯೆತ್ತಿ ಯಶೋಧಳನ್ನು ನೋಡಲಿಲ್ಲ. ನೋಡುವ ಅಗತ್ಯವೂ ಬೀಳಲಿಲ್ಲ. ಅವನು ರೇಜರನ್ನು ಪಕ್ಕಕ್ಕೆ ಚಾಚಿದರೆ ಅಲ್ಲಿ ತಂಬಿಗೆ ಇರುತ್ತಿತ್ತು. ಕೈ ಒರೆಸಿಕೊಳ್ಳಬೇಕು ಎನ್ನುವಷ್ಟರಲ್ಲಿ ಬಟ್ಟೆ ಬರುತ್ತಿತ್ತು. ಕೇಳುವವರಿಲ್ಲ, ಹೇಳುವವರಿಲ್ಲ. ಬಹಳ ದಿನ ಒಟ್ಟಿಗೆ ಸಂಸಾರ ಮಾಡಿದವರ ಹಾಗೆ. ತನ್ನ ಮನೆಯಲ್ಲಿ ಅವನಿಗೆ ಉಪ್ಪು ಬೇಕಾದರೂ ಎರಡು ಸಲ ಕೇಳುತ್ತಾನೆ ಎಂಬುದು ಅವಳಿಗೆ ನೆನಪಾಗಿ, ಎದೆಯಲ್ಲಿ ಮೆಣಸಿನಕಾಯಿ ಅರೆದಂತಾಯಿತು. ಎದ್ದು ಆ ತಂಬಿಗೆಯನ್ನು ಕಿತ್ತುಕೊಳ್ಳಬೇಕು ಎನಿಸಿತು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡು ಕೂತಳು.

ಮುಖಕ್ಕೆ ಪಟಿಕ ಉಜ್ಜಿದ್ದಾಯಿತು. ನಿಂಗರಾಜು ಸಾಮಾನು ತೊಳೆಯಲು ಬಚ್ಚಲಿಗೆ ಹೋದ. ಯಶೋಧ ಕಾಫಿಗೆ ಎಂದು ಒಳಗೆ ಹೋದಳು. ಬಚ್ಚಲೂ ಅಡಿಗೆಮನೆಯೂ ಒಂದೇ ಕಡೆಗಿದ್ದವು. ಹೊನ್ನಪ್ಪನೂ ಪ್ರಮೀಳಾಳೂ ಒಟ್ಟಿಗೇ ಆ ಕಡೆ ನೋಡಿದರು. ನೋಡಿ, ಒಬ್ಬರನ್ನೊಬ್ಬರು ನೋಡಿಕೊಂಡರು.

"ನೀನೂ ಅದಕ್ಕೇ ಬಂದ್ಯಾ ಅವ್ವ?" ಎಂದ ಹೊನ್ನಪ್ಪ ಮೆಲ್ಲಗೆ.

ಪ್ರಮೀಳಾ ಸೆರಗನ್ನು ಹೊಟ್ಟೆಯ ಮೇಲೆ ಎಳೆದುಕೊಂಡಳು.

"ಇದು ನೋಡು." ಅವನು ಎಡಗೈ ಎತ್ತಿ ಬೆರಳುಗಳನ್ನು ಮಡಚಿ ಬಿಚ್ಚಿದ. ಕೈ ಗಟ್ಟಿಯಾಗಿತ್ತು. "ಆಸ್ಪತ್ರೇಲಿ ನಾನೇ ಕೆರ್ಕತಿದ್ದೆ. ಒಂದೆಲ್ಡು ಗಾಯ ಆಯ್ತದೆ ಅಷ್ಟೆ. ಈಗಲೂ ಕೆರ್ಕಬೌದು."

"ಮತ್ತೆ ಯಾಕಣ್ಣ?"

"ಮೊದಲ್ನೇ ಸಲ ನನ್ನ ನೋಡಕ್ಕೆ ಅಂತ ಬಂದ. ಏನಣ್ಣ ಎಂಗಿದ್ದೀಯ ಅಂದ. ನನ್ನತ್ರ ಏನು ಮಾತು? ಆಮ್ಯಾಕೆ ಒಳಗೆ ಕಾಫಿ ಕುಡೀತಾ ಕೂತ್ಬುಟ್ಟ. ಮಾವನ ಮಗಳಲ್ವಾ, ತಪ್ಪೇನಿಲ್ಲ. ಅಲ್ಲಿ ಏನ್ ಮಾತಾಡ್ತಾವ್ರೆ ಅಂತ ಇಲ್ಲಿಗೆ ಕೇಳಲ್ಲ ಕಣವ್ವ. ನಗೋದು ಮಾತ್ರ ಕೇಳ್ತದೆ." ಅವನು ಜೊಲ್ಲನ್ನು ತೋಳಿಗೆ ಒರೆಸಿಕೊಂಡ. "ಎದ್ದು ಹೋಗಿ ನೋಡಕ್ಕೆ ಕಾಲಿಲ್ಲ. ಬರ್ಬ್ಯಾಡ ಅನ್ನಕ್ಕೆ ಬಾಯಿಲ್ಲ. ಅದ್ಕೆ ಮಕ ಕೊಟ್ಟೆ. ನನ್ನ ಮಕದ ಮ್ಯಾಲೆ ಅವನ ಕೈ ಇದ್ರೆ ಅವನು ಇಲ್ಲೇ ಇರ್ಬೇಕಲ್ಲ. ನೀರು ಹಿಡ್ಕೊಂಡು ಅವಳೂ ಇಲ್ಲೇ ನಿಂತಿರ್ತಾಳೆ. ಇಬ್ರೂ ನನ್ನ ಕಣ್ಮುಂದೆ."

ಒಳಗಿನಿಂದ ಲೋಟದ ಸದ್ದು ಬಂತು. ಬಚ್ಚಲಲ್ಲಿ ನೀರು ಸುರಿಯುವ ಸದ್ದು ನಿಂತಿತು. ಮಾತು ಇರಲಿಲ್ಲ. ಮಾತು ಯಾಕಿಲ್ಲ ಎಂದು ಪ್ರಮೀಳಾ ಕಿವಿ ಚುರುಕು ಮಾಡಿದಳು.

"ಬಲಗಣ್ಣು ನಂಗೆ ಮಂಜು," ಎಂದ ಹೊನ್ನಪ್ಪ. "ಆ ಕಡೆ ಏನಾಯ್ತದೆ ಕಾಣ್ಸಲ್ಲ. ನೀನು ಬರ್ತಾ ಇರವ್ವ. ಆ ಕಡೆ ಕೂತ್ಕೊ."

ಆ ಮಾತಿಗೆ ಅವಳಿಗೆ ಅಸಹ್ಯವಾಗಬೇಕಿತ್ತು. ಎದ್ದು ಹೊರಡಬೇಕಿತ್ತು. ಮಂಚದ ಬಲಕ್ಕೆ ಒಂದು ಮುಕ್ಕಾಲಿ ಇತ್ತು. ಅವಳ ಕಣ್ಣು ಅದರ ಮೇಲೆ ಹೋಯಿತು. ಅಲ್ಲಿಂದ ಅಡಿಗೆಮನೆಯ ಬಾಗಿಲು ಪೂರ್ತಿ ಕಾಣುತ್ತಿತ್ತು. ಯಶೋಧ ಕಾಫಿ ತಂದಾಗ ಪ್ರಮೀಳಾ ಆ ಮುಕ್ಕಾಲಿಯ ಮೇಲೆ ಕೂತಿದ್ದಳು.

ಹಿಂತಿರುಗುವ ಬಸ್ಸಿನಲ್ಲಿ ಜನ ಕಡಿಮೆಯಿದ್ದರು. ನಿಂಗರಾಜು ಅವಳನ್ನು ನಡುವಿನ ಸೀಟಿನಲ್ಲಿ ಕೂರಿಸಿ ಪಕ್ಕದಲ್ಲಿ ಕೂತ. ರಸ್ತೆಯ ಎರಡೂ ಬದಿ ಕಬ್ಬು ಎದ್ದು ನಿಂತಿತ್ತು. ಹದವಾಗಿ ದಣಿದವನ ಹಾಗೆ ಅವನು ಕಾಲು ಚಾಚಿದ್ದ. ಕೈಯಿಂದ ಗಂಧದ ವಾಸನೆ ಬರುತ್ತಿತ್ತು.

"ಪಾಪ, ಹೊನ್ನಣ್ಣ," ಎಂದ. "ಎಷ್ಟು ಗೆಲುವಾಗ್ತಾನೆ ನೋಡು ಮಕ ನುಣ್ಣಗಾದ್ಮೇಲೆ."

"ಮಗು ಹುಟ್ಟಿ ನಿಮ್ಮ ಗಡ್ಡ ತೆಗೆದ ಮೇಲೂ ಹೋಗ್ತೀರಾ?"

"ಅವನು ಕರೆಯೋಗಂಟ ಹೋಗ್ಬೇಕಲ್ವಾ? ಬ್ಯಾಡ ಅಂತಾನಾ ಅವನು?"

ಅವಳು ಕಿಟಕಿಯ ಹೊರಗೆ ನೋಡಿದಳು. ಹೊನ್ನಪ್ಪ ಬೇಡ ಎನ್ನುವುದಿಲ್ಲ.

"ಮುಂದಿನ ವಾರನೂ ನಾನು ಬರ್ತೀನಿ."

"ಹುಚ್ಚಾ ನಿಂಗೆ? ಈ ರಸ್ತೇಲಿ ಕುಲುಕ್ಸಿ ಕುಲುಕ್ಸಿ ಹಾಕ್ತದೆ. ಒಂದ್ಸಲ ಅನುಭವಿಸಿದ್ದು ಸಾಲ್ದಾ? ಅವ್ವ ಏನಂತಾಳೆ?"

"ಬರ್ತೀನಿ."

ಅವನು ಅವಳ ಮುಖವನ್ನೇ ನೋಡಿದ. ಬಸ್ಸು ನಾಲೆಯ ಸೇತುವೆಯ ಹಳ್ಳಕ್ಕೆ ಇಳಿದು ಧಡಕ್ಕನೆ ಎದ್ದಿತು. ಪ್ರಮೀಳಾಳ ಉಸಿರು ಸಿಕ್ಕಿಕೊಂಡಿತು. ಅದು ತಿರುಗಿ ಬರುವಷ್ಟರಲ್ಲಿ ಹೊಟ್ಟೆಯ ಎಡಬದಿಯಲ್ಲಿ ಏನೋ ಅಲುಗಿತು, ನೀರೊಳಗೆ ಮೀನು ಬಾಲ ಆಡಿಸಿದ ಹಾಗೆ. ಸ್ವಲ್ಪ ತಡೆದು ಇನ್ನೊಮ್ಮೆ. ಇದೇ ಮೊದಲು.

ನಿಂಗರಾಜುವಿನ ಅಂಗೈ ಸೀಟಿನ ಮೇಲೆ, ಅವಳ ತೊಡೆಯ ಪಕ್ಕದಲ್ಲೇ ಬಿಚ್ಚಿಕೊಂಡು ಬಿದ್ದಿತ್ತು. ಬಿಸಿನೀರಿಗೆ ಬೆರಳ ತುದಿಗಳು ಇನ್ನೂ ನೆರಿಗೆಗಟ್ಟಿದ್ದವು. ಎತ್ತಿ ಹೊಟ್ಟೆಯ ಮೇಲಿಟ್ಟುಕೊಳ್ಳಬಹುದು ಎಂಬಂತೆ ಅವಳು ಅದನ್ನು ನೋಡಿದಳು. ಆಮೇಲೆ ಮುಂದಿನ ಸೀಟಿನ ಕಂಬಿಯನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡು ಮುಂದಿನ ಹಳ್ಳಕ್ಕೆ ಕಾದಳು.